ಹೀಲ್ಸ್ ಮೇಲೆ ನಿಂತು ಜಗಳವಾಡಿ ನೋಡಿ

ಎಪ್ಪತ್ತು ದಾಟಿದ ನಮ್ಮ ಅವ್ವನಿಗೆ ಡಾಕ್ಟರು ಗಂಭೀರವಾಗಿ ಹೇಳಿದರು: "ಇನ್ನು ಮೇಲೆ ಹೈ ಹೀಲ್ಸ್ ಹಾಕಬೇಡಿ."

ಅವ್ವ ನನ್ನ ಮುಖ ನೋಡಿದಳು. ನಾನು ಡಾಕ್ಟರ ಮುಖ ನೋಡಿದೆ. ಅವರೇನೂ ತಮಾಷೆ ಮಾಡುತ್ತಿರಲಿಲ್ಲ. ಮೊಣಕಾಲು ನೋವೆಂದು ಬರುವ ಹೆಂಗಸರಿಗೆಲ್ಲ ಹೇಳಿ ಹೇಳಿ ಆ ಮಾತು ಬಾಯಿಪಾಠವಾಗಿಬಿಟ್ಟಿದೆ. ಉಜ್ಜಿನಿಯ ಕಲ್ಲುಮಣ್ಣಿನಲ್ಲಿ ಬರಿಗಾಲಲ್ಲೇ ಓಡಾಡಿ ಬೆಳೆದ, ಹವಾಯಿ ಚಪ್ಪಲಿಯನ್ನೂ ಬಸ್ಸು ಹತ್ತುವ ದಿನ ಮಾತ್ರ ಮೆಟ್ಟುವ ನಮ್ಮ ಅವ್ವನಿಗೂ ಅದೇ ಮಾತು.

"ಅದೇನವಾ, ಹೀಲ್ಸು?" ಎಂದು ಕೇಳಿದಳು.

"ಹಿಮ್ಮಡಿ ಎತ್ತರ ಇರೋ ಚಪ್ಲಿ ಅವ್ವಾ."

"ಹೊರಗ ಹೆಸರು ಬರಕೊಂಡ ಹುಡುಗಿ ಹಾಕ್ಯಾಳಲ್ಲ, ಅಂಥವಾ?"

"ಹೂಂ, ಅಂಥವೇ."

"ಹಂಗಾರ ಅಕಿಗೆ ಹೇಳ್ರಿ ಡಾಕ್ಟ್ರಾ. ನನಗ್ಯಾಕ ಹೇಳ್ತೀರಿ?"

ಡಾಕ್ಟರು ನಕ್ಕರು. ಎಕ್ಸ್‌ರೇ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ಹೊರಗೆ ಹೆಸರು ಬರೆದುಕೊಂಡ ಆ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ.

ಆಸ್ಪತ್ರೆಯ ಹೆಸರು ಬೇಡ. ಊರಿನ ಹೆಸರೂ ಬೇಡ. ಕೂಡ್ಲಿಗಿಯವರು, ಕೊಟ್ಟೂರಿನವರು, ಹಡಗಲಿಯವರು, ಹರಪನಹಳ್ಳಿಯವರು, ಎಲ್ಲರೂ ಓದಿ "ಇದು ನಮ್ಮೂರಿನದೇ" ಎನ್ನುತ್ತೀರಿ, ನನಗೆ ಗೊತ್ತು. ಗಾಜಿನ ಬಾಗಿಲು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಒಳಗೆ ಕಾಲಿಟ್ಟರೆ ಎ.ಸಿ. ಅಂಥ ಆಸ್ಪತ್ರೆ. ಎದುರಿಗೇ ಉದ್ದನೆಯ ಕೌಂಟರು. ಅದರ ಹಿಂದೆ ಒಂದೇ ಬಣ್ಣದ ಸೀರೆ ಉಟ್ಟ, ಒಂದೇ ಥರ ತುರುಬು ಕಟ್ಟಿದ ಹುಡುಗಿಯರು. ಎಲ್ಲರ ಕಾಲಲ್ಲೂ ಪೆನ್ಸಿಲ್ಲಿನಂಥ ಹಿಮ್ಮಡಿಯ ಕಪ್ಪು ಚಪ್ಪಲಿ.

ನೇತ್ರಾಳನ್ನು ನಾನು ಮೊದಲು ಗುರುತಿಸಲೇ ಇಲ್ಲ. ಪಿಯುಸಿಯಲ್ಲಿ ನನ್ನ ಕ್ಲಾಸಿನಲ್ಲಿ ಕೂತಿದ್ದ ಕೋಗಳಿಯ ಹುಡುಗಿ. ಬಸ್ಸು ತಡವಾದ ದಿನ ಸ್ಟ್ಯಾಂಡಿನಿಂದ ಕಾಲೇಜಿನವರೆಗೂ ಓಡಿಯೇ ಬರುತ್ತಿದ್ದಳು. ಹಾಜರಿ ಮುಗಿಯುವುದರೊಳಗೆ ಬಾಗಿಲಲ್ಲಿ ನಿಂತು ಏದುಸಿರಲ್ಲೇ ನಗುತ್ತಿದ್ದಳು. ಈಗ ಅವಳು ಕೌಂಟರಿನ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನೋಡಿದೆ. ನಡಿಗೆಯೇ ಅಲ್ಲ ಅದು. ಕೆರೆಯ ಪಾಚಿಗಲ್ಲಿನ ಮೇಲೆ ಕಾಲಿಡುವವರ ಹಾಗೆ ಒಂದೊಂದೇ ಹೆಜ್ಜೆ. ಮುಖದಲ್ಲಿ ಮಾತ್ರ ನಗು. (ಅದೂ ಯೂನಿಫಾರ್ಮಿನ ಭಾಗವಂತೆ. ಆಮೇಲೆ ತಿಳಿಯಿತು.)

ಎಕ್ಸ್‌ರೇಗೆ ದೊಡ್ಡ ಪಾಳಿ ಇತ್ತು. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಊಟದ ಹೊತ್ತಿನಲ್ಲಿ ನೇತ್ರಾಳನ್ನು ಹುಡುಕಿಕೊಂಡು ಹೋದೆ. ಔಷಧಿ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಡಬ್ಬಿ ಇನ್ನೂ ತೆರೆದಿರಲಿಲ್ಲ. ಚಪ್ಪಲಿ ಕಳಚಿ, ಎರಡೂ ಪಾದಗಳನ್ನು ತಣ್ಣನೆಯ ಕಲ್ಲಿಗೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದಳು. ಕಿರುಬೆರಳಿಗೆ ಬ್ಯಾಂಡೇಜ್ ಪಟ್ಟಿ. ಹಿಮ್ಮಡಿಯ ಮೇಲೆ ಕೆಂಪಗೆ ತರಚಿದ ಗಾಯ.

"ಏನವಾ ನೇತ್ರಾ, ಏನಿದು ಕಾಲು?"

ಗಡಬಡಿಸಿ ಎದ್ದಳು. "ಮೇಡಂ, ನೀವಾ? ಬರ್ರಿ, ಕುಂದರ್ರಿ."

"ಇವನ್ನ ಯಾಕ ಹಾಕ್ಕೊಂಡಿ?"

"ನಾನೆಲ್ಲಿ ಹಾಕ್ಕೊಂಡೀನ್ರಿ? ಹಾಕ್ಸ್ಯಾರ. ಹೊಸ ಮ್ಯಾನೇಜರ್ ಬಂದ ಮ್ಯಾಲೆ ರೂಲ್ ಆಗೈತ್ರಿ. ಫ್ರಂಟ್ ಆಫೀಸಿನ ಲೇಡೀಸ್ ಎಲ್ಲಾರೂ ಹೀಲ್ಸ್ ಹಾಕಬೇಕು."

"ಗಂಡು ಹುಡುಗರು?"

"ಅವರಿಗೆ ಶೂ ಐತ್ರಿ. ಸಾದಾದು."

"ಕುರ್ಚಿ ಮ್ಯಾಲೆ ಕುಂತು ಬರಿಯಬೌದಲ್ಲ?"

"ಕುರ್ಚಿ ತೆಗಿಸ್ಯಾರ್ರಿ. ಕುಂತ್ರ ಸೋಮಾರಿಗಳು ಕಂಡಂಗ ಕಾಣ್ತೀವಂತ."

ಅವಳು ಬೆಳಿಗ್ಗೆ ಮನೆಯಿಂದ ಹವಾಯಿ ಚಪ್ಪಲಿಯಲ್ಲೇ ಹೊರಟು, ಬಸ್ಸಿನಲ್ಲಿ ಬಂದು, ಆಸ್ಪತ್ರೆಯ ಹಿಂಬಾಗಿಲಲ್ಲಿ ಇವನ್ನು ಹಾಕಿಕೊಳ್ಳುತ್ತಾಳೆ. ಮೊದಲ ವಾರ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಪ್ರಾಕ್ಟೀಸ್ ಮಾಡಿದಳಂತೆ. ಬಂಡೆಕಲ್ಲು ಹಾಸಿದ ಪಡಸಾಲೆಯಲ್ಲಿ ಅವಳ ತಾಯಿ ಒಂದು ಕೈ ಹಿಡಿದುಕೊಂಡು, ಹೊಸದಾಗಿ ನಡೆಯಲು ಕಲಿಯುವ ಕೂಸಿಗೆ ಕಲಿಸಿದ ಹಾಗೆ ನಡೆಸಿದರಂತೆ. ಇಪ್ಪತ್ತು ದಾಟಿದ ಮಗಳಿಗೆ ಮತ್ತೊಮ್ಮೆ ನಡಿಗೆ ಕಲಿಸಿದ ಆ ತಾಯಿಗೆ ಏನನ್ನಿಸಿರಬೇಕು?

"ಬಿಟ್ಟು ಬೇರೆ ಕಡೆ ನೋಡಬಾರದಾ?" ಎಂದೆ. (ಸಂಬಳ ತಪ್ಪದೆ ಬರುವವರು ಎಷ್ಟು ಸಲೀಸಾಗಿ ಇದನ್ನು ಹೇಳುತ್ತೇವೆ, ನೋಡಿ.)

"ಬಿಟ್ರ ಮನ್ಯಾಗ ಲಗ್ನದ ಮಾತು ತೆಗೀತಾರ್ರಿ ಮೇಡಂ. ಕೆಲಸ ಐತಿ ಅಂತ ಸುಮ್ಮನದಾರ. ನಾನು ಎಂ.ಕಾಂ. ಕಟ್ಟಬೇಕಂತ ಮಾಡೀನಿ."

ಆಮೇಲೆ ಅವಳೇ ನಗುತ್ತಾ ಕಳಚಿಟ್ಟ ಚಪ್ಪಲಿಯನ್ನು ನನ್ನ ಮುಂದೆ ಸರಿಸಿದಳು. "ಒಮ್ಮೆ ಹಾಕಿ ನೋಡ್ರಿ ಮೇಡಂ, ಹೆಂಗಿರ್ತೈತಿ ಅಂತ."

ಹಾಕಿದೆ. ಅಳತೆ ಹೆಚ್ಚುಕಡಿಮೆ ಒಂದೇ ಇತ್ತು.

ಎದ್ದು ನಿಂತ ಕೂಡಲೇ ದೇಹದ ಭಾರವೆಲ್ಲ ಜಾರಿ ಬೆರಳುಗಳ ಮೇಲೆ ಬಂದು ಬಿತ್ತು. ಮೀನಖಂಡ ಹಗ್ಗದ ಹಾಗೆ ಬಿಗಿಯಿತು. ಸೊಂಟ ಒಂದು ಕಡೆ, ಬೆನ್ನು ಒಂದು ಕಡೆ. ಮೊದಲ ಹೆಜ್ಜೆಗೆ ಪಾದ ಎಡಕ್ಕೆ ವಾಲಿತು. ಎರಡನೆಯ ಹೆಜ್ಜೆಗೆ ಮೊಣಕಾಲು ತಾನಾಗಿಯೇ ಮಡಚಿಕೊಂಡಿತು. "ನೆಲ ನೋಡಬ್ಯಾಡ್ರಿ, ಎದುರಿಗೆ ನೋಡ್ರಿ, ಮೊದ್ಲು ಹಿಮ್ಮಡ ಊರ್ರಿ" ಎಂದು ನೇತ್ರಾ ಹಿಂದಿನಿಂದ ಹೇಳುತ್ತಿದ್ದಳು. ಎದುರಿಗೆ ನೋಡಿದರೆ ನೆಲ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ನೆಲ ನೋಡಿದರೆ ಮುಗ್ಗರಿಸುತ್ತೀರಿ. ಹೇಗೋ ವರಾಂಡದವರೆಗೆ ಬಂದೆ. ಟೈಲ್ಸ್ ಶುರುವಾಯಿತು. ಕಾಲು ಸರ್ರೆಂದಿತು. ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅದು ವ್ಹೀಲ್ ಚೇರು. ಅದಕ್ಕೆ ಗಾಲಿಗಳಿರುತ್ತವೆ ಎಂಬುದು ಆ ಕ್ಷಣದಲ್ಲಿ ನೆನಪಾಗಲಿಲ್ಲ.

ವ್ಹೀಲ್ ಚೇರು ಮುಂದೆ, ಹಿಂದೆ ನಾನು. ಇಬ್ಬರೂ ಒಟ್ಟಿಗೆ ವರಾಂಡದ ಅರ್ಧದವರೆಗೆ ಸಾಗಿ ಗೋಡೆಗೆ ತಾಗಿ ನಿಂತೆವು. ಪಕ್ಕದ ಬಾಗಿಲು ತೆರೆಯಿತು. ಟೈ ಕಟ್ಟಿದ ಯುವಕನೊಬ್ಬ ಹೊರಗೆ ಬಂದ. ಮ್ಯಾನೇಜರು.

"ಪೇಷಂಟಾ ಮೇಡಂ? ಕೂತ್ಕೊಳ್ಳಿ, ವಾರ್ಡ್ ಬಾಯ್ ಕರೀತೀನಿ" ಎಂದ.

"ನಾನು ಪೇಷಂಟಲ್ಲ. ನಿಮ್ಮ ಚಪ್ಪಲಿ ಹಾಕಿಕೊಂಡಿದ್ದೇನೆ" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ದಿನವಿಡೀ ಇದನ್ನು ಹಾಕಿಕೊಂಡು ನಿಲ್ಲಬೇಕೆಂದು ಯಾಕೆ ರೂಲ್ ಮಾಡಿದ್ದೀರಿ ಎಂದು ಕೇಳಿದೆ.

"ಕಾರ್ಪೊರೇಟ್ ಲುಕ್ ಬರಬೇಕು ಮೇಡಂ. ದೊಡ್ಡ ಊರುಗಳಲ್ಲಿ ಎಲ್ಲ ಕಡೆ ಹಿಂಗೇ ಇರುತ್ತೆ. ನಮ್ಮ ಕಡೆ ಹುಡುಗಿಯರು ಕಾಲು ಎಳ್ಕೊಂಡು ಓಡಾಡ್ತಾರೆ. ಪೇಷಂಟಿಗೆ ಕಾನ್ಫಿಡೆನ್ಸ್ ಬರಬೇಕಲ್ವಾ?"

ನಮ್ಮ ಕಡೆಯ ಹುಡುಗಿಯರು ಕಾಲು ಎಳೆದುಕೊಂಡು ಓಡಾಡುತ್ತಾರಂತೆ. ಹೊಲದ ಬದುವಿನ ಮೇಲೆ ತಲೆ ಮೇಲೊಂದು, ಸೊಂಟದಲ್ಲೊಂದು ಹೊತ್ತು ಹೋಗುವವರನ್ನು ಈತ ನೋಡಿಯೇ ಇಲ್ಲವೇ? ಜ್ವರ ಬಂದ ರೋಗಿಗೆ ಧೈರ್ಯ ಬರುವುದು ಡಾಕ್ಟರ ಮಾತಿನಿಂದಲೋ, ಹೆಸರು ಬರೆದುಕೊಳ್ಳುವವಳ ಹಿಮ್ಮಡಿಯಿಂದಲೋ?

ಇದನ್ನೆಲ್ಲ ಕೇಳಬೇಕೆಂದುಕೊಂಡೆ. ಸಿಟ್ಟು ಬಂದಾಗ ಎರಡು ಹೆಜ್ಜೆ ಮುಂದೆ ಹೋಗಿ, ಬೆರಳು ತೋರಿಸಿ ಮಾತಾಡುವುದು ನನ್ನ ಅಭ್ಯಾಸ. (ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿಗಳಿಗೆ ಗೊತ್ತು.) ಆದರೆ ಮುಂದೆ ಹೋಗಲು ಕಾಲಿಲ್ಲ. ಬೆರಳು ತೋರಿಸಲು ಕೈಯಿಲ್ಲ, ಎರಡೂ ಕೈ ವ್ಹೀಲ್ ಚೇರಿನ ಮೇಲೆ. ದುರುಗುಟ್ಟಿ ನೋಡೋಣವೆಂದರೆ ಕಣ್ಣು ಪದೇಪದೇ ನೆಲದ ಕಡೆಗೇ ಹೋಗುತ್ತಿದೆ. ಆಗ ನನಗೊಂದು ವಿಷಯ ಹೊಳೆಯಿತು. ಈ ಚಪ್ಪಲಿಯ ಮೇಲೆ ನಿಂತು ಯಾರೂ ಜಗಳವಾಡಲಾರರು. ಓಡಿಹೋಗಲಾರರು, ಬೆನ್ನಟ್ಟಲಾರರು, ಸಿಟ್ಟು ಬಂದರೆ ಕಾಲು ಕೂಡ ಅಪ್ಪಳಿಸಲಾರರು. ಬೀಳದೆ ಇರುವುದೇ ದಿನವಿಡೀ ಕೆಲಸವಾದರೆ ಉಳಿದದ್ದನ್ನು ಕೇಳುವುದು ಯಾವಾಗ?

"ನಿಮ್ಮ ಶೂಗೂ ಹೀಲ್ಸ್ ಹಾಕಿಸಿ ನೋಡೋಣ" ಎಂದಷ್ಟೇ ಹೇಳಲು ಆಯಿತು.

"ಗಂಡಸರಿಗೆ ಅದು ಚೆನ್ನಾಗಿ ಕಾಣಲ್ಲ ಮೇಡಂ" ಎಂದು ನಕ್ಕು, ನನ್ನ ಹಿಂದೆ ಬರಿಗಾಲಲ್ಲಿ ನಿಂತಿದ್ದ ನೇತ್ರಾಳ ಕಡೆ ತಿರುಗಿದ. ನಗು ಹೋಯಿತು. "ಡ್ಯೂಟಿ ಶೂಸ್ ಪೇಷಂಟ್ ಕಡೆಯವರಿಗೆ ಯಾಕ್ರೀ ಕೊಟ್ರಿ? ಆಮೇಲೆ ಚೇಂಬರಿಗೆ ಬನ್ನಿ."

ಅವನು ಹೋದ ಮೇಲೆ ಚಪ್ಪಲಿ ಕಳಚಿ ಕೊಟ್ಟೆ. ನಾನು ಮೇಲಿನವರ ಹತ್ತಿರ ಮಾತಾಡುತ್ತೇನೆ, ದೂರು ಕೊಡುತ್ತೇನೆ ಎಂದೆಲ್ಲ ಹೇಳಿದೆ. ನೇತ್ರಾ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಮೇಡಂ. ನೀವು ಹೇಳಿ ಮನಿಗೆ ಹೋಗ್ತೀರಿ. ನಾಳಿ ಇಲ್ಲಿ ನಿಂದರಾಕಿ ನಾನು."

ದೂರಿನ ಮಾತು ಬಿಟ್ಟು ಅವ್ವನ ಬೆಂಚಿನ ಕಡೆ ನಡೆದೆ. ಬೇರೇನು ಮಾಡಲಿ?

ಒಂದು ಮಾತು ಸ್ಪಷ್ಟಪಡಿಸುತ್ತೇನೆ, ಇಲ್ಲದಿದ್ದರೆ ನಾಳೆ ನಿಮ್ಮ ಫೋನುಗಳಿಗೆ ಉತ್ತರಿಸುವುದೇ ಆಗುತ್ತದೆ. ಹೀಲ್ಸ್ ಹಾಕುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಂಗಿಯ ಮಗಳು ಗೋಪುರದಂಥ ಹೀಲ್ಸ್ ಹಾಕಿಕೊಂಡು ತನ್ನ ಅಕ್ಕನ ಮದುವೆಯ ರಿಸೆಪ್ಷನ್ನಿನಲ್ಲಿ ಕುಣಿದಳು. ನೋಡಲು ಖುಷಿಯಾಯಿತು. ಅವಳಿಗೆ ಸಾಕೆನಿಸಿದಾಗ ಕಳಚಿ ಕುರ್ಚಿಯ ಕೆಳಗೆ ಎಸೆದು, ಬರಿಗಾಲಲ್ಲಿ ಊಟಕ್ಕೆ ಹೋದಳು. ಹಾಕಿಕೊಳ್ಳುವುದು ಬೇರೆ, ಹಾಕಿಸುವುದು ಬೇರೆ. ಕಳಚುವ ಹಕ್ಕು ಯಾರ ಕೈಯಲ್ಲಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಕೆಲವು ವಾರಗಳ ನಂತರ ಅವ್ವನನ್ನು ಮತ್ತೆ ತೋರಿಸಲು ಕರೆದುಕೊಂಡು ಹೋದೆ. ಕೌಂಟರಿನಲ್ಲಿ ನೇತ್ರಾ ಇರಲಿಲ್ಲ. ಅವಳ ಜಾಗದಲ್ಲಿ ಶಬಾನಾ ಎಂಬ ಹುಡುಗಿ ನಿಂತಿದ್ದಳು. ನೇತ್ರಾ ಎಲ್ಲಿ ಎಂದರೆ ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

"ಬಿದ್ದಾಳ್ರಿ. ಆಟೋದಾಗ ಒಬ್ಬ ಮುದುಕರನ್ನ ಕರಕೊಂಡು ಬಂದಿದ್ರು, ದಮ್ಮು ಹತ್ತಿತ್ತು ಅವರಿಗೆ. ಡಾಕ್ಟ್ರನ್ನ ಕರೀಲಿಕ್ಕೆ ಅಂತ ಅಕಿ ಓಡಿದ್ಲು. ಆಗಷ್ಟೇ ನೆಲ ಒರಿಸಿದ್ರು. ಪಾದದ ಎಲುಬು ಬಿರುಕು ಬಿಟ್ಟೈತಿ. ಪ್ಲಾಸ್ಟರ್ ಹಾಕ್ಯಾರ."

"ಮ್ಯಾನೇಜರ್ ಏನಂದ್ರು?"

"ಟ್ರೇನಿಂಗ್ ಕೊಟ್ಟಿದ್ವಿ, ನೋಡಿ ನಡೀಲಿಲ್ಲ, ಅಕಿದೇ ತಪ್ಪು ಅಂದ್ರು."

ಹೀಗೆ ಹೇಳುವಾಗಲೂ ಶಬಾನಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅವಳ ಕಾಲಲ್ಲೂ ಅವೇ ಹೀಲ್ಸ್. ಒಬ್ಬಳ ಎಲುಬು ಬಿರಿದ ಮೇಲೂ ಏನೂ ಬದಲಾಗಿರಲಿಲ್ಲ. ಉಸಿರು ಸಿಕ್ಕಿಬಿದ್ದ ರೋಗಿಗಾಗಿ ಓಡಿದವಳದೇ ತಪ್ಪು. ಆಸ್ಪತ್ರೆಯಲ್ಲಿ ಓಡಬಾರದಿದ್ದರೆ ಇನ್ನೆಲ್ಲಿ ಓಡಬೇಕು, ಸ್ವಾಮಿ?

ನನ್ನ ಪಕ್ಕದಲ್ಲಿ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಪಾಳಿ ಬಂತು. ಶಬಾನಾ ಫೈಲು ಹಿಡಿದು ನಮ್ಮ ಜೊತೆಗೇ ಒಳಗೆ ಬಂದಳು. ಡಾಕ್ಟರು ಎಂದಿನಂತೆ, "ಹೇಗಿದೆ ಅಜ್ಜಿ ನೋವು?" ಎಂದರು.

"ನನ್ನ ನೋವು ಇರಲ್ರಿ. ಕೋಗಳಿ ಹುಡುಗಿ ಕಾಲಿಗೆ ಪ್ಲಾಸ್ಟರ್ ಹಾಕಿದೋರು ನೀವಾ?"

"ಹೌದು."

"ಅಕಿಗೆ ಹೀಲ್ಸು ಬ್ಯಾಡ ಅಂತ ನೀವು ಹೇಳಿದ್ರಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ಆ ರೂಲ್ ನಂದಲ್ಲ. ಅದು ಆಡಳಿತದವರದು."

"ರೂಲ್ ನಿಮದಲ್ರಿ, ಗೊತ್ತಾತು. ಎಲುಬು ನೋಡೋ ಕೆಲಸ ಯಾರದು?"

ಅವ್ವ ದನಿ ಏರಿಸಲಿಲ್ಲ. ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು, ಉತ್ತರ ಬರುವವರೆಗೂ ಕೂತಿರುತ್ತೇನೆ ಎಂಬಂತೆ ಕೂತಿದ್ದಳು. ಡಾಕ್ಟರು ಕೆಟ್ಟವರಲ್ಲ. ಅವರ ಮುಖ ಕೆಂಪಗಾಯಿತು. ಒಂದು ಹಾಳೆ ಎಳೆದುಕೊಂಡು ಬರೆದರು: ನೇತ್ರಾವತಿಯವರ ಪಾದದ ಸ್ಥಿತಿಯಿಂದಾಗಿ ಅವರು ಎತ್ತರದ ಪಾದರಕ್ಷೆ ಧರಿಸಬಾರದು, ಕೂತು ಕೆಲಸ ಮಾಡಲು ಅವಕಾಶ ಕೊಡಬೇಕು. ಸಹಿ ಹಾಕಿ, ಸೀಲು ಒತ್ತಿ ನನ್ನ ಕೈಗೆ ಕೊಟ್ಟರು.

ಬಾಗಿಲ ಬಳಿ ನಿಂತಿದ್ದ ಶಬಾನಾ ಮೆಲ್ಲಗೆ ಹೇಳಿದಳು, "ಸರ್, ನನಗೂ ಹಿಮ್ಮಡ ನೋಯ್ತಾವ್ರಿ."

ಡಾಕ್ಟರು ಅವಳನ್ನು ನೋಡಿದರು. ಅವಳ ಕಾಲು ನೋಡಿದರು. ಇನ್ನೊಂದು ಹಾಳೆ ಎಳೆದುಕೊಂಡರು.

ಸಂಜೆಯೊಳಗೆ ಕೌಂಟರಿನ ಎಲ್ಲ ಹುಡುಗಿಯರಿಗೂ ಏನಾದರೊಂದು ನೋವು ಶುರುವಾಗಿತ್ತಂತೆ. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಮೀನಖಂಡ. ಡಾಕ್ಟರು ಯಾರಿಗೂ ಇಲ್ಲ ಅನ್ನಲಿಲ್ಲ. ಮ್ಯಾನೇಜರು ಒಂದೊಂದೇ ಚೀಟಿ ಓದಿ, ತನ್ನದೇ ಆಸ್ಪತ್ರೆಯ ಡಾಕ್ಟರ ಸಹಿಗೆ ಏನೂ ಹೇಳಲಾಗದೆ ಫೈಲಿಗೆ ಸೇರಿಸಿದನಂತೆ. ಇದನ್ನೆಲ್ಲ ಕೆಲವು ವಾರಗಳಾದ ಮೇಲೆ ನೇತ್ರಾ ನನಗೆ ಫೋನಿನಲ್ಲಿ ಹೇಳಿದಳು. ಪ್ಲಾಸ್ಟರ್ ಬಿಚ್ಚಿದ್ದಾರೆ, ಕೆಲಸಕ್ಕೆ ವಾಪಸ್ಸು ಹೋಗಿದ್ದಾಳೆ. ಕುರ್ಚಿಗಳು ಬಂದಿವೆ. ಎಂ.ಕಾಂ.ಗೂ ಕಟ್ಟಿದ್ದಾಳೆ.

"ಹಂಗಾರ ರೂಲ್ ತೆಗದ್ರು?" ಎಂದು ಕೇಳಿದೆ.

"ಇಲ್ರಿ ಮೇಡಂ. ರೂಲ್ ಹಂಗೇ ಐತಿ. ನಾವೆಲ್ಲಾ ಮೆಡಿಕಲ್ ಗ್ರೌಂಡ್ ಮ್ಯಾಲೆ ಅದೀವಿ. ಹೊಸದಾಗಿ ಸೇರಿದ ಹುಡುಗಿಗೆ ಮೊನ್ನೆ ಹೀಲ್ಸ್ ಕೊಟ್ರು. ಅಕಿಗೂ ಡಾಕ್ಟ್ರ ಹತ್ರ ಹೋಗು ಅಂತ ಹೇಳೀವಿ."

ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ.

ಗಟ್ಟಿಮುಟ್ಟಾದ ಹುಡುಗಿಯರು ತಮ್ಮ ಪಾದವನ್ನು ನೆಲದ ಮೇಲೆ ಚಪ್ಪಟೆಯಾಗಿ ಊರಲು ಕಾಯಿಲೆಯ ಸರ್ಟಿಫಿಕೇಟ್ ತರಬೇಕೆಂದರೆ, ಕಾಯಿಲೆ ಇರುವುದು ಯಾರಿಗೆ?