ಕೆಂಪು ಗೆರೆ ಬೀಳದ ಮಸೂದೆ

ಬೆಂಗಳೂರಿನ ವಿಧಾನಸೌಧದಲ್ಲಿ ಯಾವ ಮಸೂದೆ ಬದುಕಿತು, ಯಾವುದು ಸತ್ತಿತು ಎಂದು ಪಾಂಡವಪುರದ ಒಂದು ಹೊಂಗೆ ಮರದ ಕೆಳಗೆ ಕೂತು ಬರೆದಿಟ್ಟ ಹುಡುಗಿ ಇಡೀ ರಾಜ್ಯದಲ್ಲಿ ನಾನೊಬ್ಬಳೇ ಇದ್ದಿರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನಗೆ ಹುಟ್ಟಿನಿಂದಲೇ ಅನುಮಾನ ಜಾಸ್ತಿ. ಹಾಲಿನವನು ಬಂದರೆ ಮೊದಲು ಹಾಲು ನೋಡಿ ಆಮೇಲೆ ಅವನ ಮುಖ ನೋಡುವವಳು ಎಂದು ಅವ್ವ ಬೈಯುತ್ತಿದ್ದಳು. ಈ ಗುಣ ನನಗೆ ದೊಡ್ಡಪ್ಪನಿಂದ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ಸಾಕಿದವರು ಅವರೇ.

ದೊಡ್ಡಪ್ಪ ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯ ಅಂಗಳದಲ್ಲಿ, ಆ ಹೊಂಗೆ ಮರದ ಕೆಳಗೆ, ಅವರದೊಂದು ಇಳಿಜಾರು ಮೇಜು, ಒಂದು ಚಾಪೆ, ಮಸಿಯ ಸೀಸೆ. ಕ್ರಯ, ವಿಭಾಗ, ದಾನ, ಮರಣಶಾಸನ, ಏನೇ ಆದರೂ ಜನ ಅವರ ಹತ್ತಿರವೇ ಬರುತ್ತಿದ್ದರು. ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಜಮೀನು ಎಂದು ಮೂರು ಸಲ ಕೇಳುತ್ತಿದ್ದರು. ಮೂರನೇ ಸಲ ಉತ್ತರ ಬದಲಾದರೆ ಪೆನ್ನು ಕೆಳಗಿಡುತ್ತಿದ್ದರು. ಮುತ್ತಿನಂಥ ಅಕ್ಷರ. ಆದರೆ ಓದಿದ್ದು ಎಂಟನೇ ಕ್ಲಾಸು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, ಬಂದು ಕರಡು ಬರಿ ಎಂದು ಅವರೇ ಕರೆದುಕೊಂಡು ಹೋದರು. ಆ ಅಂಗಳದಲ್ಲಿ ಚಾಪೆಯ ಮೇಲೆ ಕೂತ ಮೊದಲ ಹೆಣ್ಣು ನಾನು.

ಬರೆದ ಪತ್ರವನ್ನು ಬರೆಸಿಕೊಂಡವರಿಗೆ ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಕಸುಬಿನ ಪದ್ಧತಿ. ಮೊದಲ ಅಕ್ಷರದಿಂದ ಕೊನೆಯ ಸಾಲಿನವರೆಗೆ. ಆ ಕೊನೆಯ ಸಾಲಿಗೆ ಬಿಕ್ಕಲಂ ಎನ್ನುತ್ತಾರೆ, ಪತ್ರ ಬರೆದವನು ಇಂಥವನು ಎಂದು ಹೆಸರು ಹಾಕುವ ಜಾಗ. ಓದುವ ಕೆಲಸವನ್ನು ದೊಡ್ಡಪ್ಪ ನನಗೆ ಬಿಟ್ಟಿದ್ದರು. ಅವರ ಹೆಸರನ್ನು ದಿನಕ್ಕೆ ನಾಲ್ಕೈದು ಸಲ ಊರವರ ಮುಂದೆ ಗಟ್ಟಿಯಾಗಿ ಓದುವುದು ನನಗೆ ಖುಷಿಯ ಕೆಲಸವಾಗಿತ್ತು.

ತೊಂಬತ್ತನಾಲ್ಕರಲ್ಲಿ ಕೆ.ಆರ್.ಪೇಟೆಯ ಬರಹಗಾರರೊಬ್ಬರು ಸುದ್ದಿ ತಂದರು. ಅವರು ಬಿ.ಎ. ಓದಿದವರು, ಟೈಪ್‌ರೈಟರ್ ಇಟ್ಟುಕೊಂಡವರು. ಹಾಗಾಗಿ ನಮಗೆಲ್ಲ ಅವರ ಮೇಲೆ ಒಂದು ಕಣ್ಣು. ಪತ್ರ ಬರೆಯುವವರಿಗೆ ಹೊಸ ಮಸೂದೆ ಬರುತ್ತಿದೆ ಎಂದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಜೊತೆಗೆ ಮೂರು ವರ್ಷ ತನ್ನ ಹೆಸರಿನಲ್ಲಿ ಪತ್ರ ಬರೆದಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಅಂಗಳ ಬಿಡಬೇಕು. ದೊಡ್ಡಪ್ಪ ಮಸಿಯ ಸೀಸೆಗೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

ಅವತ್ತಿನಿಂದ ಮಸೂದೆಯ ಹಿಂದೆ ಬೀಳುವ ಕೆಲಸ ನನ್ನ ಪಾಲಿಗೆ ಬಂತು. ನಾಗಮಂಗಲದ ಬರಹಗಾರರ ನೆಂಟರೊಬ್ಬರು ವಿಧಾನಸೌಧದಲ್ಲಿ ಜವಾನರಾಗಿದ್ದರು. ಅಧಿವೇಶನ ನಡೆಯುವಾಗ ಪ್ರತಿದಿನದ ಕಲಾಪದ ಪಟ್ಟಿಯನ್ನು ಅವರು ಹಾಸನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಬೆಳ್ಳೂರು ಕ್ರಾಸಿನ ಒಂದು ಹೋಟೆಲ್ಲಿನಲ್ಲಿ ಅದು ಇಳಿಯುತ್ತಿತ್ತು. ಅಲ್ಲಿಂದ ನಾಗಮಂಗಲ, ನಾಗಮಂಗಲದಿಂದ ನಮ್ಮೂರು. ನನ್ನ ಕೈಗೆ ಬರುವಷ್ಟರಲ್ಲಿ ಅದರ ಮೇಲೆ ವಡೆಯ ಎಣ್ಣೆ, ಯಾರದೋ ಫೋನ್ ನಂಬರು, ಒಮ್ಮೆ ಒಂದು ಮಗುವಿನ ಜಾತಕ ಕೂಡ ಇತ್ತು. ಸಂಜೆ ರೇಡಿಯೋದ ಪ್ರದೇಶ ಸಮಾಚಾರ ಕೇಳಿ ಅದರ ಜೊತೆ ತಾಳೆ ನೋಡುತ್ತಿದ್ದೆ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಮಸೂದೆಯ ಹೆಸರು, ಯಾವ ಮನೆಯಲ್ಲಿ ಮಂಡನೆಯಾಯಿತು, ಚರ್ಚೆಗೆ ಬಂತೋ ಇಲ್ಲವೋ ಎಂದು ಬರೆದುಕೊಂಡೆ. ಸತ್ತ ಮಸೂದೆಗೆ ಕೆಂಪು ಗೆರೆ ಎಳೆಯುತ್ತಿದ್ದೆ.

ನಮಗೆ ಬೇಕಾದದ್ದು ಒಂದೇ ಮಸೂದೆ. ಆದರೂ ಎಲ್ಲವನ್ನೂ ಬರೆದೆ, ಏಕೆಂದರೆ ನನಗೆ ಅವುಗಳ ನಡತೆ ನೋಡಬೇಕಿತ್ತು. ನೋಡಿದಷ್ಟೂ ಅನುಮಾನ ಹೆಚ್ಚಾಯಿತು. ನಾಲ್ಕು ದಿನ ಜಗಳವಾಡಿದ ಮಸೂದೆ ಮೂಲೆಗೆ ಬೀಳುತ್ತಿತ್ತು. ಯಾರೂ ಬಾಯಿ ಬಿಡದ ಮಸೂದೆ ಊಟದ ಹೊತ್ತಿಗೆ ಗದ್ದಲದ ನಡುವೆ ಪಾಸಾಗಿಬಿಡುತ್ತಿತ್ತು. ಸಮಿತಿಗೆ ಕಳಿಸಲಾಗಿದೆ ಎಂದರೆ ಕೆಲವು ಸಲ ಹೂತುಹಾಕಿದ್ದಾರೆ ಎಂದರ್ಥ, ಕೆಲವು ಸಲ ಗೊಬ್ಬರ ಹಾಕುತ್ತಿದ್ದಾರೆ ಎಂದರ್ಥ. ಯಾವುದು ಯಾವಾಗ ಎಂದು ಪಟ್ಟಿ ನೋಡಿ ಹೇಳಲಾಗುತ್ತಿರಲಿಲ್ಲ. ನಮ್ಮ ಮಸೂದೆ ಮಾತ್ರ ಮೇಲ್ಮನೆಯಲ್ಲಿ ಮಂಡನೆಯಾಗಿ ಅಲ್ಲೇ ಸದ್ದಿಲ್ಲದೆ ಕೂತಿತ್ತು. ಅಷ್ಟು ಸದ್ದಿಲ್ಲದೆ ಕೂತದ್ದೇ ನನಗೆ ಸರಿಕಾಣಲಿಲ್ಲ.

ಆ ವರ್ಷದ ಕೊನೆಗೆ ಚುನಾವಣೆ ಬಂತು. ವಿಧಾನಸಭೆ ವಿಸರ್ಜನೆಯಾಯಿತು. ಅಂಗಳದಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಕ್ರಯಪತ್ರ ಬರೆಸಿದವನು ರುಜು ಹಾಕುವ ಮುಂಚೆ ಸತ್ತರೆ ಆ ಪತ್ರ ಬರೀ ಕಾಗದ, ಇದು ನಮ್ಮವರು ದಿನಾ ಕಾಣುತ್ತಿದ್ದ ಸಂಗತಿ. ಮಸೂದೆಯನ್ನೂ ಹಾಗೆಯೇ ಅಳೆದರು. ಸಭೆಯೇ ಹೋದ ಮೇಲೆ ಮಸೂದೆಗೆ ಜೀವ ಎಲ್ಲಿಂದ ಬರಬೇಕು? ದೊಡ್ಡಪ್ಪ ಅಂಗಳದವರಿಗೆಲ್ಲ ಬೋಂಡ, ಕಾಫಿ ತರಿಸಿದರು. ಹೊಸ ಪೆನ್ನು ಕೊಂಡರು. ನನ್ನ ನೋಟ್‌ಬುಕ್ ತರಿಸಿ, ಗೆರೆ ಎಳೆದುಬಿಡು ಎಂದರು. ನಾಳೆ ಎಳೆಯುತ್ತೇನೆ ಎಂದೆ. ಮರುದಿನವೂ ಎಳೆಯಲಿಲ್ಲ. ಅವರು ಅದನ್ನು ಗಮನಿಸಿದರು, ಕೇಳಲಿಲ್ಲ.

ನನ್ನ ಅನುಮಾನವನ್ನು ಶ್ರೀರಂಗಪಟ್ಟಣದ ಸಾಹೇಬರ ಹತ್ತಿರ ಹೇಳಿಕೊಂಡೆ. ಅವರೂ ಪತ್ರ ಬರಹಗಾರರೇ, ಹಳೇ ಎಸ್ಸೆಸ್ಸೆಲ್ಸಿ ಪಾಸು, ದೊಡ್ಡಪ್ಪನ ಮೂವತ್ತು ವರ್ಷದ ಗೆಳೆಯರು. ಅಲ್ಲಿನ ಒಬ್ಬ ಹಳೆಯ ವಕೀಲರ ಆಫೀಸಿಗೆ ಕರೆದುಕೊಂಡು ಹೋಗಿ ಸಂವಿಧಾನದ ಪುಸ್ತಕ ತೆಗೆಸಿದರು. ನಾನು ಪತ್ರ ಓದುವ ಹಾಗೆಯೇ ಗಟ್ಟಿಯಾಗಿ ಓದಿದೆ. ಕೆಳಮನೆ ವಿಸರ್ಜನೆಯಾದರೆ ಅಲ್ಲಿದ್ದ ಮಸೂದೆಗಳು ಬಿದ್ದುಹೋಗುತ್ತವೆ. ಆದರೆ ಕೆಳಮನೆ ಇನ್ನೂ ಅಂಗೀಕರಿಸದೆ, ಮೇಲ್ಮನೆಯಲ್ಲೇ ಉಳಿದಿರುವ ಮಸೂದೆ ಬೀಳುವುದಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದಕ್ಕಿನ್ನೂ ಉಸಿರು ಅದೆ ಬೇಟಿ," ಅಂದರು. "ನೀನೇ ಹೋಗಿ ಹೇಳು. ಬೇರೆಯವ್ರ ಬಾಯಿಂದ ಕೇಳಿದ್ರೆ ಜಾಸ್ತಿ ನೋವಾಗ್ತದೆ."

ಸಾಹೇಬರ ಲೆಕ್ಕ ತಪ್ಪಿತ್ತು. ನನ್ನ ಬಾಯಿಂದ ಕೇಳಿದ್ದೇ ದೊಡ್ಡಪ್ಪನಿಗೆ ಜಾಸ್ತಿ ನೋವಾಯಿತು. ಅಂಗಳದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ, ದೊಡ್ಡಪ್ಪನ ಮೇಜಿಗೆ ಅಂಟಿಕೊಂಡು ಕೂತವಳು ನಾನೇ ತಾನೆ. ಮಸೂದೆ ಬದುಕಿದರೆ ಅವರು ಏಳಬೇಕು, ಇವತ್ತಲ್ಲ ನಾಳೆ ನಾನು ಕೂರಬೇಕು. ಅದು ನನಗೆ ಹೊಳೆದದ್ದೇ ಅವರ ಮುಖ ನೋಡಿದ ಮೇಲೆ. ನಾನು ಹೇಳಿದ್ದನ್ನೆಲ್ಲ ಕೇಳಿ, ನೋಟ್‌ಬುಕ್ ಎಳೆದುಕೊಂಡು, ಗೆರೆ ಬೀಳದ ಆ ಸಾಲಿನ ಮೇಲೆ ಬೆರಳಿಟ್ಟರು.

"ಇಡೀ ಅಂಗಳ ಸತ್ತೋಯ್ತು ಅಂದ್ರೂ ನೀನೊಬ್ಬಳು ಗೆರೆ ಎಳೀಲಿಲ್ಲ. ನಿಂಗೆ ಈ ಮೇಜು ಬೇಕಾಗ್ಯದೆ ಕಣವ್ವ. ಬೇಕು ಅಂತ ಕೇಳ್ಬುಡು, ವಿಧಾನಸೌಧ ಯಾಕೆ ಅಡ್ಡ ತರ್ತೀಯಾ?"

ನನಗೆ ಬಂದ ಸಿಟ್ಟಿಗೆ ನೋಟ್‌ಬುಕ್ ಹರಿದುಹಾಕಬೇಕು ಅನ್ನಿಸಿತು. ಮನೆಗೆ ಹೋಗಿ ಅವ್ವನ ಮುಂದೆ ಅತ್ತೆ. ಆದರೆ ಈಗ ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಏನಾಗಬೇಕು. ಆ ವಕೀಲರ ಆಫೀಸಿನಲ್ಲಿ ಕೊನೆಯ ಸಾಲು ಓದಿದಾಗ ನನ್ನ ಎದೆ ಹಾರಿದ್ದು ದೊಡ್ಡಪ್ಪನಿಗಾಗಿ ಮಾತ್ರ ಅಲ್ಲ. ಮೇಜಿನ ಹಿಂದೆ ಕೂತ ನನ್ನನ್ನು ಒಂದು ಗಳಿಗೆ ನಾನು ಕಂಡಿದ್ದೆ. ಅವರು ಅದನ್ನು ಹೇಗೋ ಮೂಸಿ ನೋಡಿಬಿಟ್ಟರು ಎಂಬುದೇ ನನ್ನ ಸಿಟ್ಟಿಗೆ ಕಾರಣ.

ಆಮೇಲೆ ಮಾತು ಕಡಿಮೆಯಾಯಿತು. ಕರಡು ಬರಿ ಎಂದರೆ ಬರೆಯುತ್ತಿದ್ದೆ. ಆದರೆ ಪತ್ರ ಓದುವ ಕೆಲಸ ನನ್ನಿಂದ ಹೋಯಿತು. ಸಾಫು ಪ್ರತಿ ಮುಗಿಯುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪನಿಗೆ ಟೀ ಬೇಕಾಗುತ್ತಿತ್ತು, ಇಲ್ಲವೇ ಗೋಂದು ಮುಗಿದಿರುತ್ತಿತ್ತು. ನಾನು ವಾಪಸು ಬರುವಷ್ಟರಲ್ಲಿ ಅವರೇ ಓದಿ ಮುಗಿಸಿರುತ್ತಿದ್ದರು. ಒಂದೆರಡು ಸಲ ಬೇಗ ಬಂದೆ. ಕೊನೆಯ ಹಾಳೆಯ ಮೇಲೆ ಒತ್ತುಕಾಗದ ಮುಚ್ಚಿ ನನ್ನನ್ನೇ ನೋಡುತ್ತಾ ಕೂತಿದ್ದರು. ಸಾಕ್ಷಿ ಹಾಕಲು ಬಂದವರು ನನ್ನನ್ನು ನೋಡಿ ಮೀಸೆಯಲ್ಲಿ ನಗುತ್ತಿದ್ದರು. ಕೆ.ಆರ್.ಪೇಟೆಯವರು ಎರಡು ಸಲ ಬಂದು ದೊಡ್ಡಪ್ಪನ ಜೊತೆ ಮರದ ಆಚೆಗೆ ಹೋಗಿ ಮಾತಾಡಿದರು. ಮೇಜನ್ನು ಅವರಿಗೆ ಬರೆದುಕೊಡುತ್ತಿದ್ದಾರೆ, ನನಗೆ ಸಿಗಬಾರದೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಹಟಕ್ಕೆ ಬಿದ್ದು ಇನ್ನೂ ಜಾಗ್ರತೆಯಿಂದ ಮಸೂದೆಯ ಜಾಡು ಹಿಡಿದೆ.

ಹೊಸ ಸರ್ಕಾರ ಬಂದು ಒಂದೂವರೆ ವರ್ಷದ ಹತ್ತಿರವಾದಾಗ ಅದು ಮತ್ತೆ ತಲೆ ಎತ್ತಿತು. ಬೆಳ್ಳೂರು ಕ್ರಾಸಿನಿಂದ ಬಂದ ಪಟ್ಟಿಯ ಜೊತೆ ಒಂದು ತಿದ್ದುಪಡಿಯ ಹಾಳೆಯೂ ಇತ್ತು. ಹಿಂದಿನ ಮೂರು ವರ್ಷ ಬಿಡದೆ ತಮ್ಮ ಹೆಸರಿನಲ್ಲಿ ಪತ್ರ ಬರೆದವರಿಗೆ ಎಸ್ಸೆಸ್ಸೆಲ್ಸಿ ಬೇಕಿಲ್ಲ ಎಂದಿತ್ತು. ನನಗೆ ನಂಬಿಕೆ ಬರಲಿಲ್ಲ. ನಾಲ್ಕು ಸಲ ಓದಿದೆ. ಮೂವತ್ತು ವರ್ಷ ಬರೆದವರಿಗೆ ಮೂರು ವರ್ಷ ಯಾವ ಲೆಕ್ಕ! ದೊಡ್ಡಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಏನೋ ಹುಡುಕುತ್ತಾರೆ. ಪುರಾವೆಯನ್ನೇ ಅವರ ಮುಂದಿಟ್ಟು ಬಾಯಿ ಮುಚ್ಚಿಸಬೇಕು ಎಂದುಕೊಂಡು, ವರ್ಷಕ್ಕೆ ಎರಡರಂತೆ ಅವರ ಪತ್ರಗಳ ನಕಲಿಗೆ ಕಚೇರಿಯಲ್ಲಿ ಅರ್ಜಿ ಹಾಕಿದೆ.

ಕಚೇರಿಯಲ್ಲಿ ಉಳಿಯುವ ಹಾಳೆಗಳನ್ನೂ ಆಗ ಬರಹಗಾರರೇ ಬರೆದುಕೊಡುತ್ತಿದ್ದರು. ಗುಮಾಸ್ತರು ಸಂಪುಟ ಬಿಚ್ಚಿ ತೋರಿಸಿದರು. ತೊಂಬತ್ಮೂರು, ತೊಂಬತ್ನಾಲ್ಕು, ಎಲ್ಲದರ ಕೊನೆಗೂ ಬಿಕ್ಕಲಂ ದೊಡ್ಡಪ್ಪನ ಹೆಸರು. ತೊಂಬತ್ತೈದರ ಶುರುವಿನಿಂದ ಅಕ್ಷರ ಅವರದೇ. ಬಿಕ್ಕಲಂ ನನ್ನ ಹೆಸರು. ಒಂದು ಪತ್ರ, ಎರಡು ಪತ್ರ ಅಲ್ಲ. ಹಾಳೆ ತಿರುವಿದಷ್ಟೂ ನನ್ನದೇ ಹೆಸರು, ಅಪ್ಪನ ಹೆಸರು ಸಮೇತ, ಮುತ್ತಿನಂಥ ಅಕ್ಷರದಲ್ಲಿ. ನಿಮಗೆ ಗೊತ್ತಿರಲಿಲ್ಲವೇ ಎಂದು ಗುಮಾಸ್ತರು ಕೇಳಿದರು. ಅಂಗಳಕ್ಕೆಲ್ಲ ಗೊತ್ತಿತ್ತಂತೆ. ಹುಡುಗಿಯ ಹೆಸರು ನಡೆಯುತ್ತದೆಯೇ ಎಂದು ದೊಡ್ಡಪ್ಪ ವಿಚಾರಿಸಿದ್ದು ಕೆ.ಆರ್.ಪೇಟೆಯವರ ಹತ್ತಿರವಂತೆ.

ಮಸೂದೆ ಕೇಳುವ ಮೂರು ವರ್ಷವನ್ನು ನನ್ನ ಹೆಸರಿಗೆ ಅವರು ಅಂದಿನಿಂದಲೇ ಕೂಡಿಸುತ್ತಾ ಬಂದಿದ್ದರು. ಅದಕ್ಕಾಗಿ ತಮ್ಮ ಮೂರು ವರ್ಷವನ್ನು ಕಡಿದುಕೊಂಡಿದ್ದರು. ಈಗ ಬಂದಿರುವ ವಿನಾಯಿತಿ ಆ ಅಂಗಳದಲ್ಲಿ ಎಲ್ಲರಿಗೂ ಸಿಕ್ಕರೂ ಅವರೊಬ್ಬರಿಗೆ ಸಿಗುವಂತಿರಲಿಲ್ಲ.

ಹೊರಗೆ ಬಂದು ತಿದ್ದುಪಡಿಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಓದಿದರು. ಮಡಿಸಿ ನನಗೇ ಕೊಟ್ಟರು. ನನ್ನ ಮೇಲೆ ನಂಬಿಕೆ ಇಲ್ಲ ಎಂದವರು ಹೀಗೇಕೆ ಮಾಡಿದಿರಿ ಎಂದು ಕೇಳಿದೆ.

"ನೀ ಸುಳ್ಳೇಳಾಕಿಲ್ಲ ಅಂತ ಗೊತ್ತಿತ್ತು ಕಣವ್ವ," ಎಂದರು. "ಅದ್ಕೇ ಎದ್ರುಕೊಂಡು ಬೈದಿದ್ದು."

ಮುಂದಿನ ಅಧಿವೇಶನದಲ್ಲಿ ಸರ್ಕಾರವೇ ಆ ಮಸೂದೆಯನ್ನು ವಾಪಸು ತೆಗೆದುಕೊಂಡಿತು. ಯಾಕೆ ಎಂದು ಪಟ್ಟಿಯಲ್ಲಿರಲಿಲ್ಲ, ರೇಡಿಯೋ ಹೇಳಲೇ ಇಲ್ಲ. ನಾಗಮಂಗಲದವರ ನೆಂಟರಿಂದ, ಸಾಹೇಬರ ವಕೀಲರಿಂದ, ಕೊನೆಗೆ ಪತ್ರಿಕೆಯ ಒಳಪುಟದ ಒಂದು ಮೂಲೆಯಿಂದ, ಮೂರು ಕಡೆಯಿಂದ ಖಾತ್ರಿ ಮಾಡಿಕೊಂಡೆ. ಆಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆದು ನೋಟ್‌ಬುಕ್ಕನ್ನು ದೊಡ್ಡಪ್ಪನ ಮುಂದೆ ಹಿಡಿದೆ. ನೋಡಿದರು. ಗೆರೆ ಸೊಟ್ಟಗಿದೆ ಎಂದರು.

ಅವತ್ತು ಹಾರೋಹಳ್ಳಿ ಕಡೆಯ ಅಣ್ಣತಮ್ಮಂದಿರ ವಿಭಾಗಪತ್ರವಿತ್ತು. ಸಾಫು ಪ್ರತಿಯನ್ನು ನಾನು ಬರೆಯುತ್ತೇನೆ ಎಂದು ಹಟ ಮಾಡಿ ಬರೆದೆ. ಕೊನೆಯ ಸಾಲಿನಲ್ಲಿ ಬಿಕ್ಕಲಂ ಎಂದು ಹಾಕಿ, ಸುಮಾರು ಎರಡು ವರ್ಷದ ಮೇಲೆ ಅವರ ಹೆಸರು ಬರೆದೆ. ಎದ್ದು ನಿಂತು ಮೊದಲಿನ ಹಾಗೆ ಎಲ್ಲರಿಗೂ ಕೇಳುವಂತೆ ಓದಿದೆ. ಅವರ ಹೆಸರು ಬಂದಾಗ ದೊಡ್ಡಪ್ಪ ಕೈ ಚಾಚಿ ಪತ್ರ ತೆಗೆದುಕೊಂಡರು. ತಮ್ಮ ಹೆಸರಿನ ಮೇಲೆ ಒಂದು ಗೆರೆ ಎಳೆದರು, ಸ್ವಲ್ಪವೂ ಸೊಟ್ಟಗಿಲ್ಲದ ಗೆರೆ. ಪಕ್ಕದಲ್ಲಿ ನನ್ನ ಹೆಸರು ಬರೆದರು. ಪತ್ರದಲ್ಲಿ ಏನಾದರೂ ಹೊಡೆದರೆ ಕೆಳಗೆ ಅದನ್ನು ಒಪ್ಪಿ ಬರೆಯಬೇಕು, ಇಲ್ಲದಿದ್ದರೆ ಯಾರೋ ಮೋಸ ಮಾಡಿದ್ದಾರೆ ಎಂಬ ಅನುಮಾನ ಉಳಿಯುತ್ತದೆ. ಕೊನೆಯ ಸಾಲಿನಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದಿರುವುದು ಸರಿ ಎಂದು ಕೆಳಗೆ ಬರೆದು ರುಜು ಹಾಕಿದರು. ಓದು ಎಂದು ಪತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ.