ಮಣ್ಣಿನೊಳಗೆ ಹಿಡಿದ ಕೈ

ತಿಪ್ಪವ್ವ ಸುರಪುರದ ಕಡೆಯವಳು. ಮದುವೆಯಾದ ಮರುವರ್ಷವೇ ಗಂಡ ಭೀಮಣ್ಣನ ಜೊತೆ ಪುಣೆಗೆ ಬಂದವಳು ಅಂದಿನಿಂದ ಈ ಊರಿನ ಕಟ್ಟಡಗಳಿಗೆ ಮಣ್ಣು, ಮರಳು, ಇಟ್ಟಿಗೆ ಹೊರುತ್ತ ಬಂದಿದ್ದಳು. ಮಾತು ಕಡಿಮೆ. ಮರಾಠಿ ಚೆನ್ನಾಗಿ ಬಂದರೂ ಅದನ್ನು ಜಗಳಕ್ಕಷ್ಟೇ ತೆಗೆಯುತ್ತಾಳೆ ಎಂದು ಭೀಮಣ್ಣ ನಗಾಡುತ್ತಿದ್ದ. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಹಬ್ಬ ಬಂದರೆ ಹೋಳಿಗೆ ಮಾಡುವಳು, ಕೈ ಮುಗಿಯುವಳು, ಮರುದಿನ ಕೆಲಸಕ್ಕೆ ಹೊರಡುವಳು.

ವಿಮಾನ ನಗರದಲ್ಲಿ ಅಪಾರ್ಟ್‌ಮೆಂಟೊಂದರ ಹಿಂದೆ ಚರಂಡಿಯ ಪೈಪು ಹೂಳುವ ಕೆಲಸ ನಡೆದಿತ್ತು. ಮಳೆಗಾಲ ಆಗಷ್ಟೇ ಮುಗಿದು ಮಣ್ಣು ಇನ್ನೂ ಹಸಿಯಾಗಿತ್ತು. ಊಟದ ಹೊತ್ತಿಗೆ ಭೀಮಣ್ಣನೂ ಸೇರಿ ಎಲ್ಲರೂ ಮೇಲೆ ಹತ್ತಿ ಬುತ್ತಿ ಬಿಚ್ಚಿದರು. ಪೈಪಿನ ಬಾಯಿಗೆ ಕಟ್ಟಿಕೊಂಡಿದ್ದ ಮಣ್ಣನ್ನು ಎಳೆದೇ ಬರೋಣವೆಂದು ತಿಪ್ಪವ್ವ ಕಂದಕದಲ್ಲೇ ಉಳಿದಳು. ಪಕ್ಕದ ಮಣ್ಣಿನ ಗೋಡೆ ಸದ್ದೇ ಇಲ್ಲದೆ ಜಾರಿ ಅವಳ ಮೇಲೆ ಬಿತ್ತು.

ಮುಖ ಪೈಪಿನ ಬಾಯೊಳಗೆ ಸಿಕ್ಕಿದ್ದರಿಂದ ಉಸಿರಾಡುವಷ್ಟು ಗಾಳಿ ಇತ್ತು. ಆದರೆ ಎದೆಯನ್ನು ಯಾರೋ ಕೂತು ಒತ್ತಿದ ಹಾಗೆ ಮಣ್ಣು ಒತ್ತುತ್ತಿತ್ತು. ಎಡಗೈ ಮೈಯಡಿಗೆ ಸಿಕ್ಕಿತ್ತು, ಬಲಗೈ ಎತ್ತಲೋ ಚಾಚಿ ಹೂತುಹೋಗಿತ್ತು. ಕೂಗಿದರೆ ಪೈಪಿನೊಳಗೆ ಹೋದ ದನಿ ತಿರುಗಿ ಅವಳ ಕಿವಿಗೇ ಬರುತ್ತಿತ್ತು. ಕೂಗುವುದನ್ನು ಬಿಟ್ಟಳು. ಕಣ್ಣಿಗೆ ಮಂಪರು ಕವಿಯತೊಡಗಿತು.

ಆಗ ಬಲಗೈಯನ್ನು ಯಾರೋ ಹಿಡಿದರು.

ಒರಟು ಕೈ, ಬಿಸಿಯಾಗಿತ್ತು. ಅವಳು ಸೋತು ಕಣ್ಣು ಮುಚ್ಚಿದಾಗೆಲ್ಲ ಆ ಕೈ ಗಟ್ಟಿಯಾಗಿ ಹಿಚುಕುತ್ತಿತ್ತು. ತನ್ನಂತೆಯೇ ಇನ್ನೊಂದು ಜೀವ ಪಕ್ಕದಲ್ಲಿ ಸಿಕ್ಕಿಕೊಂಡಿದೆ ಎಂದು ಅವಳು ತಿಳಿದಳು. "ಹೆದರಬ್ಯಾಡಪಾ, ಬರ್ತಾರ, ತಗೀತಾರ" ಎಂದು ಅದಕ್ಕೇ ಸಮಾಧಾನ ಹೇಳಿದಳು. ಸನಿಕೆಯ ಸದ್ದು ಹತ್ತಿರವಾದಾಗ ಕೈ ಬಿಟ್ಟುಹೋಯಿತು.

ಮೇಲೆತ್ತಿದ ಕೂಡಲೇ ಅವಳು ಅಂದದ್ದು ಒಂದೇ ಮಾತು. "ಒಳಗ ಇನ್ನೊಬ್ರು ಅದಾರ! ತಗೀರಿ ಅವರನ್ನ!"

ಮುಕಾದಮ ಮನೋಹರ, ಅಂದರೆ ಕೂಲಿಗಳನ್ನು ಕರೆತಂದು ಕೆಲಸ ಮಾಡಿಸುವವನು, ಸುತ್ತ ನೋಡಿದ. "ಎಲ್ಲಾರೂ ಮ್ಯಾಲೇ ಅದಾರ ತಿಪ್ಪವ್ವ. ಒಳಗ ಇದ್ದಾಕಿ ನೀ ಒಬ್ಬಾಕಿನ." ಆದರೂ ಅವಳು ಬಿದ್ದಿದ್ದ ಜಾಗದ ಸುತ್ತ ಕೆದಕಿದರು. ಏನೂ ಸಿಗಲಿಲ್ಲ. ಉಳಿದ ಗೋಡೆಯೂ ಬೀಳುವ ಹಾಗಿದ್ದುದರಿಂದ ಕೆಲಸ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಮಾತನ್ನೆಲ್ಲ ಕೇಳಿಸಿಕೊಂಡರು. ಗಾಳಿ ಕಡಿಮೆಯಾಗಿ ಸಾವು ಎದುರಿಗೆ ನಿಂತಾಗ ಮನಸ್ಸು ಜೊತೆಗೆ ಯಾರನ್ನೋ ಕರೆದುಕೊಳ್ಳುತ್ತದೆ, ಬಹಳ ಮಂದಿಗೆ ಹೀಗಾಗುತ್ತದೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು.

"ಈಗ ನೀವು ನನ್ನ ನಾಡಿ ಹಿಡಿದಿದ್ದೀರಿ. ಅದೂ ಹೀಗೆಯೇ ಇತ್ತು. ಇದು ನಿಜ, ಅದು ಸುಳ್ಳು ಹೇಗೆ?" ಎಂದು ಅವಳೂ ಮರಾಠಿಯಲ್ಲೇ ಕೇಳಿದಳು.

"ನಾನು ಹಿಡಿದಿರುವುದನ್ನು ಈ ನರ್ಸ್ ನೋಡುತ್ತಿದ್ದಾರೆ. ಅಲ್ಲಿ ನೋಡಿದವರು ಯಾರಮ್ಮ?"

ತಿಪ್ಪವ್ವ ಬಲಗೈ ಬಿಡಿಸಿಕೊಂಡು ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

ಮನೆಗೆ ಬಂದಾಗ ಬೇರೊಂದು ಉತ್ತರ ಅವಳಿಗಾಗಿ ಕಾದು ಕೂತಿತ್ತು. ಅವಳು ಮಣ್ಣಿನಡಿ ಇದ್ದಾಗ ಭೀಮಣ್ಣ ಕಂದಕದ ಅಂಚಿನಲ್ಲಿ ಬಿದ್ದು ಹೊರಳಾಡಿ, ಹೆಂಡತಿ ಉಳಿದರೆ ಇನ್ನು ಕುಡಿಯುವುದಿಲ್ಲವೆಂದು ಎಲ್ಲಮ್ಮನಿಗೆ ಹರಕೆ ಹೊತ್ತಿದ್ದ. ಅವಳು ಉಳಿದಳು. ಅವನು ಕುಡಿತ ಬಿಟ್ಟ. ಅವನ ಪಾಲಿಗೆ ಅದು ದೇವಿಯದೇ ಕೈ. ಅವನು ಹೇಳಿದ ಸುದ್ದಿ ಕೂಲಿಯವರು ವಾಸವಿದ್ದ ತಗಡಿನ ಖೋಲಿಗಳ ಸಾಲಿನಲ್ಲೆಲ್ಲ ಹಬ್ಬಿತು. ಹೆಂಗಸರು ಬಂದು ಅವಳ ಬಲಗೈಗೆ ಕುಂಕುಮ ಹಚ್ಚಿದರು, ಕಾಯಿಲೆಯ ಕೂಸುಗಳ ತಲೆಯ ಮೇಲೆ ಆ ಕೈ ಇಡಿಸಿದರು. ಆ ಕೈಯಲ್ಲಿ ಪಾತ್ರೆ-ಭಾಂಡೆ ತಿಕ್ಕಲು ಬಿಡಲಿಲ್ಲ, ಕಸಬರಿಗೆ ಹಿಡಿಯಲು ಬಿಡಲಿಲ್ಲ.

"ದೇವಿ ಕೈ ಅಷ್ಟು ಒರಟು ಇರ್ತದೇನ್ರಿ? ಅದು ದುಡಿಯೋರ ಕೈ" ಎಂದಳು ತಿಪ್ಪವ್ವ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಳು ಮಾತ್ರ ಕೇಳಿಸಿಕೊಂಡಳು.

ಅವಳು ಮಾಯಾ. ಅವಳ ಗಂಡ ಬಾಬು ಮಳೆಗಾಲದಲ್ಲಿ ಅದೇ ಕಂದಕದ ಕೆಲಸದಲ್ಲಿ ಕೆಲವು ದಿನ ದುಡಿದಿದ್ದ. ಒಂದು ಸಂಜೆ ಮನೆಗೆ ಬರಲಿಲ್ಲ. ಕೆಲಸ ಬಿಟ್ಟು ಎಲ್ಲೋ ಹೋಗಿರಬೇಕು ಎಂದರು ಎಲ್ಲರೂ. ಆ ವಾರ ಅಲ್ಲಿ ಒಮ್ಮೆ ಮಣ್ಣು ಜರಿದಿತ್ತೆಂದು ಅವಳಿಗೆ ಆಮೇಲೆ ತಿಳಿದಿತ್ತು.

ಮಾಯಾ ತಿಪ್ಪವ್ವನ ಮುಂದೆ ಕೂತು ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ಆ ಕೈಯ ಕಿರುಬೆರಳು ಬಾಗಿತ್ತೇನ್ರಿ? ನಮ್ಮವರದು ಒಳಕ್ಕ ಬಾಗಿತ್ತು."

ತಿಪ್ಪವ್ವ ಕಣ್ಣು ಮುಚ್ಚಿದಳು. ಆ ಕೈ ಮತ್ತೆ ಅವಳ ಕೈಯೊಳಗೆ ಬಂತು. ಕಿರುಬೆರಳು ಒಳಕ್ಕೆ ಬಾಗಿತ್ತು. "ಹೌದು" ಎಂದಳು.

"ನನ್ನ ಹಿಡಿದದ್ದು ಬಿಸಿ ಕೈಯವ್ವ. ನಿನ್ನ ಗಂಡ ಹೋಗಿ ತಿಂಗಳುಗಳಾದವು" ಎಂದು ಆಮೇಲೆ ಹೇಳಿನೋಡಿದಳು. ಮಾಯಾ ಆಗಲೇ ಎದ್ದು ನಿಂತಿದ್ದಳು. "ಬಿಸಿ ಇರಲಿ, ತಣ್ಣಗಿರಲಿ. ಅಲ್ಲೇ ಅದಾರ್ರಿ ಅವರು."

ಮಾಯಾ ಕಂದಕದ ಬಾಯಲ್ಲಿ ಹೋಗಿ ಕೂತಳು. ಬೇರೆ ಹೆಂಗಸರೂ ಸೇರಿದರು, ಪೊಲೀಸರು ಬಂದರು. ಕೊನೆಗೆ ಮನೋಹರ ಜೆಸಿಬಿ ತರಿಸಿದ. ತಿಪ್ಪವ್ವ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಕಂದಕವನ್ನು ಉದ್ದಕ್ಕೂ ತಳದವರೆಗೆ ತೆಗೆದರು. ಕಲ್ಲು ಬಂತು, ಹಳೆಯ ವೈರು ಬಂತು, ಮಣ್ಣು ಬಂತು. ಮನುಷ್ಯನ ಗುರುತು ಒಂದೂ ಬರಲಿಲ್ಲ.

ಮಾಯಾ ತಿರುಗಿ ಅವಳನ್ನು ನೋಡಿದಳು. ಬೈಯಲಿಲ್ಲ. "ಹಂಗಾರ ಹೌದು ಅಂತ ಯಾಕ ಅಂದ್ರಿ ಅಕ್ಕಾ?" ಎಂದಳು, ಅಷ್ಟೇ.

ಆ ಪ್ರಶ್ನೆ ತಿಪ್ಪವ್ವನೊಳಗೆ ಹೊಕ್ಕು ಕೂತಿತು. ಅವಳು ಸುಳ್ಳು ಹೇಳಿರಲಿಲ್ಲ. ಬಾಗಿದ ಬೆರಳು ಈಗಲೂ ಅಂಗೈಯಲ್ಲಿ ಇದ್ದ ಹಾಗೇ ಇತ್ತು. ಆದರೆ ಅದು ಮಣ್ಣಿನಲ್ಲೇ ಇತ್ತೋ, ಮಾಯಾ ಕೇಳಿದ ಮೇಲೆ ಬಂತೋ? ಮನೆಗೆ ಬಂದು ಗಂಡನನ್ನು ಕೇಳಿದಳು. "ಬೆರಳು ಬಾಗಿತ್ತಂತ ನಾ ಮೊದಲು ಎಂದಾದ್ರೂ ಅಂದಿದ್ನೇನು?"

"ನನಗ ನೆನಪಿಲ್ಲ. ನೀ ಕೈ ಅಂದಿ. ಉಳಿದದ್ದು ನನಗ ಯಾಕ ಬೇಕು?"

ಇನ್ನು ಈ ಗದ್ದಲವಾದರೂ ನಿಂತೀತು ಎಂದುಕೊಂಡಿದ್ದಳು. ಆದದ್ದೇ ಬೇರೆ. ಮನುಷ್ಯನು ಸಿಗಲಿಲ್ಲವೆಂದ ಮೇಲೆ ದೇವಿಯೇ ಸರಿ ಎಂದು ಜನ ಇನ್ನೂ ಹೆಚ್ಚಿದರು. ಮುಂದಿನ ಶುಕ್ರವಾರ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳನ್ನು ಗೋಡೆಗೊರಗಿಸಿ ಕೂರಿಸಿದ್ದರು. ಕರ್ಪೂರದ ಹೊಗೆ ತಗಡಿನ ಮಾಡಿಗೆ ಬಡಿದು ಕೆಳಗಿಳಿಯುತ್ತಿತ್ತು. ಆರತಿಯ ದೀಪ ಆರದಿರಲೆಂದು ಯಾರೋ ಬಾಗಿಲು ಮುಚ್ಚಿದರು.

ಅವಳ ಎದೆಯ ಮೇಲೆ ಮತ್ತೆ ಮಣ್ಣು ಕೂತಿತು. ಉಸಿರು ಮೇಲಕ್ಕೆ ಬರಲಿಲ್ಲ. ಬಲಗೈಯನ್ನು ಯಾರ ಯಾರೋ ಹಿಡಿದಿದ್ದರು. ಅದರಲ್ಲಿ ಒಂದೂ ಆ ಕೈಯಲ್ಲ. "ಬಿಡ್ರೀ!" ಎಂದು ಚೀರಿ, ತಟ್ಟೆ ಉರುಳಿಸಿ, ಮಂದಿಯನ್ನು ತಳ್ಳಿಕೊಂಡು ಬಾಗಿಲು ತೆಗೆದು ರಸ್ತೆಗೆ ಓಡಿದಳು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ ಭೀಮಣ್ಣ ಬಂದ.

"ಎಲ್ಲಾರ ಮುಂದ ಹಿಂಗ ಮಾಡಿದಿಯಲ್ಲ. ಅದು ದೇವಿ ಅಲ್ಲ ಅಂದ್ರ ನನ್ನ ಹರಕಿ ಏನಾತು? ಮತ್ತ ಕುಡಿಯಾಕ ಹೋಗ್ಲೇನು?"

ಅವಳು ಹೆದರುತ್ತಿದ್ದದ್ದು ಇದೇ ಮಾತಿಗೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕುಂಕುಮ ಹಚ್ಚಿಸಿಕೊಂಡದ್ದೂ ಇದಕ್ಕೇ. ಹೌದೆಂದರೆ ತಾನು ಕಾಣದ್ದನ್ನು ಕಂಡೆನೆಂದ ಹಾಗೆ, ಅಲ್ಲವೆಂದರೆ ಮನೆ ಮುಳುಗಿದ ಹಾಗೆ.

"ನೀ ಕುಡಿಯೋದು ಬಿಟ್ಟಿದ್ದು ಖರೇ. ನಾ ಕಣ್ಣಾರ ನೋಡೀನಿ" ಎಂದಳು. "ಬಿಡಿಸಿದಾಕಿ ಎಲ್ಲಮ್ಮ ಅಂದ್ರ ಆಕೀನ ಅನ್ನು, ನಾ ತಡಿಯೂದಿಲ್ಲ. ಆದ್ರ ನನ್ನ ಕೈ ಹಿಡಿದವರು ಯಾರಂತ ನೀ ಹೇಳಬ್ಯಾಡ. ನನಗ ಗೊತ್ತಿಲ್ಲ. ಗೊತ್ತದ ಅಂತ ಮಾಯಾಗ ಹೇಳಿ ಒಮ್ಮೆ ತಪ್ಪೀನಿ."

ಭೀಮಣ್ಣ ಅವಳ ಪಕ್ಕ ಬೆಂಚಿನ ಮೇಲೆ ಕೂತ. ಎರಡು ಬಸ್ಸು ಬಂದು ಹೋದವು. "ಕೈ ಹಿಡಿದದ್ದಂತೂ ಖರೇ ಹೌದಲ್ಲ?" ಎಂದ ಕೊನೆಗೆ.

"ಹಿಡಿದಿದ್ರು."

ಆ ತಿಂಗಳು ಮುಗಿಯುವ ಮುಂಚೆ ಅವರು ಖೋಲಿ ಬಿಟ್ಟರು. ತಿಪ್ಪವ್ವನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವ ಕೆಲಸ ಸಿಕ್ಕಿತು. ನಾಲ್ಕೂ ಕಡೆ ತೆರೆದ ಜಾಗ, ಮೇಲೆ ಮಾಡು ಮಾತ್ರ. ಭೀಮಣ್ಣ ಇಲ್ಲಿಯವರೆಗೆ ಕುಡಿದಿಲ್ಲ. ಮಂಗಳವಾರ ಗುಡಿಗೆ ಹೋಗಿ ಬರುತ್ತಾನೆ, ಅವಳನ್ನು ಬಾ ಎಂದು ಕರೆಯುವುದಿಲ್ಲ. ಬಾಬು ಸಿಕ್ಕಿದನೆಂಬ ಸುದ್ದಿ ಬಂದಿಲ್ಲ. ಮಾಯಾಳ ಮನೆಗೆ ಹೋಗಬೇಕೆಂದು ತಿಪ್ಪವ್ವ ಎರಡು ಸಲ ಹೊರಟು, ಹೇಳುವುದೇನು ಎಂದು ತೋಚದೆ ಅರ್ಧ ದಾರಿಯಿಂದ ಹಿಂದಿರುಗಿದ್ದಾಳೆ.

ಜೊತೆಗೆ ಕೂತು ಈರುಳ್ಳಿ ಆರಿಸುವ ಶೈಲಾ ಒಂದು ದಿನ ಅವಳ ಭುಜದ ಗಾಯದ ಕಲೆ ನೋಡಿ ಏನಾಯಿತೆಂದು ಕೇಳಿದಳು.

"ಮಣ್ಣು ಬಿದ್ದಿತ್ತು."

"ಅಯ್ಯ, ಯಾರು ಉಳಿಸಿದ್ರವ್ವ?"

ತಿಪ್ಪವ್ವ ಕೊಳೆತದ್ದೊಂದನ್ನು ಆರಿಸಿ ಪಕ್ಕಕ್ಕೆಸೆದಳು. "ಮಂದಿ ತಗದ್ರು" ಎಂದಳು. ಅದು ಸುಳ್ಳಲ್ಲ. ಶೈಲಾ ಮುಂದಿನ ಚೀಲದ ಬಾಯಿ ಬಿಚ್ಚಿದಳು.