ಹಸಿರು ಗುಂಡಿಯ ವಾಪಸು ಪ್ರಯಾಣ

ಪದ್ಮತ್ತೆಯ ಸ್ವೆಟರಿಗೆ ಇದ್ದದ್ದು ಆರು ಗುಂಡಿಯೋ ಏಳೋ, ಎದ್ದು ಹೋಗಿ ಎಣಿಸದೆ ಆಣೆ ಮಾಡಿ ಹೇಳಲಾರೆ. ಅವು ಹಸಿರು ಗಾಜಿನವು ಎನ್ನುವುದು ಮಾತ್ರ ಖಚಿತ. ಅದೂ ಸ್ವೆಟರು ನಮ್ಮ ಬಸವನಗುಡಿಯ ಮನೆಯ ಗೂಟಕ್ಕೆ ಇನ್ನೂ ನೇತಾಡುತ್ತಿರುವುದರಿಂದ. ಸಾಕ್ಷಿಯಿಲ್ಲದೆ ನನ್ನ ನೆನಪನ್ನು ನಾನು ನಂಬುವುದಿಲ್ಲ.

ನನಗೆ ಬಟ್ಟೆಯ ಗುಂಡಿಗಳನ್ನು ಕೂಡಿಡುವ ಹುಚ್ಚು. ನಗರ್ತಪೇಟೆಯಲ್ಲಿ ಸಿಕ್ಕಿದ್ದನ್ನು ಹೊರದೇಶದ ಇಂಥದೇ ಹುಚ್ಚರಿಗೆ ಅಂಚೆಯಲ್ಲಿ ಕಳಿಸುತ್ತೇನೆ, ಅವರು ತಮ್ಮದನ್ನು ಕಳಿಸುತ್ತಾರೆ. ನನ್ನ ತಂದೆಯ ಅಕ್ಕ ಪದ್ಮತ್ತೆಯ ಪ್ರಕಾರ ಇದು ಕೆಲಸವಿಲ್ಲದವರ ಕೆಲಸ. ಆದರೆ ತಮ್ಮ ಅಮ್ಮ ಹೆಣೆದುಕೊಟ್ಟ ಸ್ವೆಟರಿನ ಗುಂಡಿಯೊಂದು ಕಳೆದು, ಪೇಟೆಯೆಲ್ಲ ಸುತ್ತಿದರೂ ಜೋಡಿ ಸಿಗದಿದ್ದಾಗ, "ನಿನ್ನ ಫಾರಿನ್ ಸ್ನೇಹಿತೇರನ್ನ ಕೇಳೇ" ಎಂದರು.

ಫೋಟೋದ ಬಣ್ಣ ನಂಬಲಾಗದು, ಮಾದರಿ ಕಳಿಸು ಎಂದಳು ಫಿನ್‌ಲ್ಯಾಂಡಿನ ಲೀನಾ. ಅತ್ತೆ ಇನ್ನೊಂದು ಗುಂಡಿ ಬಿಚ್ಚಿ ಹತ್ತಿಯಲ್ಲಿ ಸುತ್ತಿ, ಒಮ್ಮೆ ತೆಗೆದು ನೋಡಿ, ಮತ್ತೆ ಸುತ್ತಿದರು. "ವಾಪಸ್ ಕಳಿಸೋ ಖರ್ಚು ಪಾಪ ಅವಳ ತಲೆಗ್ಯಾಕೆ?" ಎಂದು, ನನ್ನ ವಿಳಾಸ ಬರೆದ ಕವರಿಗೆ ನವಿಲಿನ ಚಿತ್ರದ ನಮ್ಮ ಅಂಚೆಚೀಟಿಗಳನ್ನು, ಒಂದು ನವಿಲೂ ತಲೆಕೆಳಗಾಗದಂತೆ, ಸಾಲಾಗಿ ಅಂಟಿಸಿದರು. ಎಂ.ಎ. ಓದಿದ ನಾನು ಅದನ್ನು ಮಡಿಸಿ ಒಳಗಿಟ್ಟೆ.

ಪೋಸ್ಟ್ ಮಾಡಿ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುವಾಗ ಗೆಳತಿ ಸುಮಾಗೆ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿಂದ ಬರೋ ಕವರಿಗೆ ಅಲ್ಲೀ ಸ್ಟ್ಯಾಂಪೇ ಬೇಕು ಕಣೇ! ಸಿಟಿ ಬಸ್ ಪಾಸ್ ತೋರಿಸಿದ್ರೆ ವಿಮಾನ ಹತ್ತಿಸ್ತಾರಾ?"

ನಿಜ. ಅಂಚೆಚೀಟಿ ಒಂದು ದೇಶ ಕೊಡುವ ಮಾತು. ತನ್ನ ಡಬ್ಬಕ್ಕೆ ಬಿದ್ದ ಕಾಗದಕ್ಕೆ ಮಾತ್ರ ಅದರ ಹೊಣೆ. ನಮ್ಮ ನವಿಲಿನ ಮಾತಿನಂತೆ ಫಿನ್‌ಲ್ಯಾಂಡಿನ ಅಂಚೆಯವರು ಯಾಕೆ ನಡೆಯಬೇಕು? ಅತ್ತೆಗೆ ತಿಳಿಸಿದೆ. "ಹಾಗಾದ್ರೆ ಅಮ್ಮನ ಗುಂಡಿ ಹೋಯ್ತು ಅನ್ನು" ಎಂದಷ್ಟೇ ಹೇಳಿ ಸ್ವೆಟರನ್ನು ಮಡಿಸಿ ಬೀರುವಿಗೆ ಸೇರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ದಪ್ಪ ಲಕೋಟೆ ಬಂತು. ಮೇಲೆ ಆ ದೇಶದ ಚೀಟಿ. ಒಳಗೆ ನಮ್ಮ ಗುಂಡಿ, ಅದರ ಜೋಡಿ, ಜೊತೆಗೊಂದು ಉಣ್ಣೆಯ ಉಂಡೆ. ನವಿಲುಗಳನ್ನು ಉಡುಗೊರೆ ಎಂದುಕೊಂಡ ಲೀನಾ, ಆ ಕವರಿಗೆ ನನ್ನ ವಿಳಾಸದ ಸಮೇತ ಚೌಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿದ್ದಾಳಂತೆ!

ಅತ್ತೆ ಕುಣಿಯಲಿಲ್ಲ, ಅಷ್ಟೇ. "ಪಕ್ಕದ್ಮನೆ ಡಬ್ಬೀನೇ ನಾವು ಖಾಲಿ ವಾಪಸ್ ಕೊಡಲ್ಲ. ಇವಳಿಗೆ ಹಾಗೇ ಬಿಡೋಕಾಗತ್ತಾ?" ಎಂದು ನನ್ನನ್ನು ಮಾಮೂಲ್‌ಪೇಟೆಗೆ ಎಳೆದುಕೊಂಡು ಹೋಗಿ ಹಿತ್ತಾಳೆಯ ಗುಂಡಿಗಳನ್ನು ಆರಿಸಿದರು. ಲೀನಾಳೂ ಖಾಲಿ ಡಬ್ಬಿ ಕೊಡುವ ಪೈಕಿಯಲ್ಲ. ವಾಪಸು ಅಂಚೆಯ ಸಮಸ್ಯೆ ಹೀಗೆ ತಾನಾಗಿ ಬಗೆಹರಿಯಿತು: ಯಾವುದು ಹೋಗುವುದು, ಯಾವುದು ವಾಪಸು ಬರುವುದು ಎಂದೇ ಈಗ ಗೊತ್ತಾಗುವುದಿಲ್ಲ.

ಇತ್ತೀಚೆಗೆ ಲೀನಾಳಿಂದ ಕೆಲವು ವಾರ ಏನೂ ಬರಲಿಲ್ಲ. ಅತ್ತೆ ದಿನಾ ಗೇಟಿನತ್ತ ನೋಡುತ್ತಿದ್ದರು. ಮೊನ್ನೆ ನೋಡಿದರೆ ಸ್ವೆಟರಿನಲ್ಲಿ ಮತ್ತೊಂದು ಗುಂಡಿಯಿಲ್ಲ. ಉಳಿದ ದಾರ ಕತ್ತರಿ ಆಡಿಸಿದಷ್ಟು ನೀಟಾಗಿತ್ತು. ಅಥವಾ ನನಗೆ ಹಾಗೆ ಕಂಡಿತೋ ಏನೋ.

"ಅತ್ತೆ, ನಿಜ ಹೇಳಿ, ಇದು ತಾನಾಗೇ ಬಿತ್ತಾ?" ಎಂದು ಕೇಳಿದೆ.

ಅತ್ತೆ ಆಗಲೇ ಮಾದರಿ ಸುತ್ತಲು ಹತ್ತಿ ಹುಡುಕುತ್ತಿದ್ದರು.